ಮಗ್ಗ ನಿಂತಾಗ ಎಚ್ಚರಾಗುತ್ತಿದ್ದ ಕೂಸು

ನನ್ನ ಮಗಳ ಕಿವಿ ಬಹಳ ಚುರುಕು ಎಂದು ನಮ್ಮ ಓಣಿಯಲ್ಲೆಲ್ಲ ಹೆಸರಾಗಿತ್ತು. ಈ ಸಾಲು ಬರೆಯುವಾಗ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅವಳಿಗೆ ಹುಟ್ಟಿದ ದಿನದಿಂದಲೂ ಏನೂ ಕೇಳುತ್ತಿರಲಿಲ್ಲ. ಅದು ಖಾತ್ರಿಯಾಗಿ ನಮಗೆ ತಿಳಿದದ್ದು ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ. ಅಷ್ಟರೊಳಗೆ ಎಷ್ಟು ಜನ ಅವಳನ್ನು ನೋಡಿದ್ದರು, ಎತ್ತಿಕೊಂಡಿದ್ದರು, ಸೂಜಿ ಚುಚ್ಚಿದ್ದರು, ಕಾರ್ಡಿನಲ್ಲಿ ಬರೆದುಕೊಂಡಿದ್ದರು! ಅವರೆಲ್ಲರ ಮೇಲೂ ನನಗೆ ಸಿಟ್ಟಿದೆ. ಎಲ್ಲರಿಗಿಂತ ಹೆಚ್ಚು ನನ್ನ ಮೇಲೆಯೇ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ನಾಲ್ಕೈದು ವರ್ಷವಾಗಿತ್ತು. ನಾನು ರಬಕವಿಗೆ ಸೊಸೆಯಾಗಿ ಬಂದಿದ್ದೆ. ಗಂಡ ನನ್ನ ಸೋದರತ್ತೆಯ ಮಗನೇ. ಹಾಗಾಗಿ ಅತ್ತೆ ಎಂದರೆ ನನಗೆ ಅಪ್ಪನ ಅಕ್ಕ, ಚಿಕ್ಕಂದಿನಿಂದ ಕಂಡವಳು. ಮನೆಯ ಆರು ಪವರ್‌ಲೂಮುಗಳನ್ನು ನಡೆಸುತ್ತಿದ್ದವಳು ಅವಳೇ. ಮುಂದೆ ಅಡುಗೆಮನೆ, ಪಡಸಾಲೆ, ಹಿಂದೆ ಮಗ್ಗದ ಕೋಣೆ. ನಡುವೆ ಒಂದು ಗೋಡೆ, ಮೇಲೆ ಎರಡೂ ಕಡೆಗೆ ಹಾಯ್ದ ಒಂದೇ ಉದ್ದನೆಯ ತೊಲೆ. ಬೆಳಿಗ್ಗೆ ಮಗ್ಗ ಶುರುವಾದರೆ ತೊಲೆ, ಗೋಡೆ, ಕಲ್ಲಿನ ನೆಲ, ಅಡುಗೆಮನೆಯ ತಾಟು, ವಾಟಗ ಎಲ್ಲವೂ ನಡುಗುತ್ತಿದ್ದವು. ಹೊಸದಾಗಿ ಬಂದಾಗ ನನಗೆ ತಲೆ ಸಿಡಿಯುತ್ತಿತ್ತು. ವರ್ಷದೊಳಗೆ ಅದು ಇದೆಯೆಂಬುದೇ ಮರೆತುಹೋಯಿತು.

ಅಂಥ ಗದ್ದಲದಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ಹೆಬ್ಬೆರಳು ಬಾಯಿಗೆ ಹೋದರೆ ನೀರು ಬೇಕು. ತೋರುಬೆರಳು ಗಾಳಿಯಲ್ಲಿ ಸುತ್ತಿದರೆ ಕಂಡಿಕೆ ಮುಗಿದಿದೆ, ನೂಲು ಸುತ್ತಿದ ಇನ್ನೊಂದು ಕಡ್ಡಿ ಕೊಡು. ಎರಡು ತೋರುಬೆರಳ ತುದಿಗಳನ್ನು ಕೂಡಿಸಿ ಥಟ್ಟನೆ ಅಗಲಿಸಿದರೆ ಎಳೆ ಹರಿದಿದೆ. ಕಣ್ಣ ಕೆಳಗೆ ಬೆರಳಿಟ್ಟು ಅದನ್ನು ಮಗ್ಗದ ಕಡೆ ತಿರುಗಿಸಿದರೆ ಅದರ ಮೇಲೆ ನಿಗಾ ಇಡು. ಹರಿದ ಎಳೆ ಆಗಲೇ ಕಂಡರೆ ಮಗ್ಗ ನಿಲ್ಲಿಸಿ ಗಂಟು ಹಾಕಬಹುದು. ಕಾಣದೆ ಬಿಟ್ಟರೆ ಸೀರೆಯುದ್ದಕ್ಕೂ ಗೀರು. ಹಾಗಾದಾಗ ಅತ್ತೆ ನೇಕಾರನ ಮುಂದೆ ನಿಂತು ಎರಡು ಬೆರಳು ಅಗಲಿಸಿ, ಕಣ್ಣಿಗೆ ಬೆರಳಿಟ್ಟು, ಅಂಗೈಯನ್ನು ಮೇಲೆ ತಿರುವಿ ಹಿಡಿಯುತ್ತಿದ್ದಳು. ಎಳೆ ಹರಿಯಿತು, ನೋಡುತ್ತಿದ್ದವರು ಯಾರು? ಅವಳ ಬೈಗುಳಕ್ಕಿಂತ ಆ ಅಂಗೈಗೆ ಎಲ್ಲರೂ ಹೆದರುತ್ತಿದ್ದರು.

ಮಗಳು ಹುಟ್ಟಿದ ಮೇಲೆ ಆ ತೊಲೆಗೇ ತೊಟ್ಟಿಲು ಕಟ್ಟಿದೆವು. ನಮ್ಮ ಓಣಿಯಲ್ಲಿ ಎಲ್ಲರ ಮನೆಯ ತೊಟ್ಟಿಲೂ ಹಾಗೆಯೇ. ಮಗ್ಗದ ನಡುಕಕ್ಕೆ ತೊಟ್ಟಿಲು ತಾನೇ ಸಣ್ಣಗೆ ಅಲುಗುತ್ತಿರುತ್ತದೆ, ತೂಗುವ ಕೆಲಸವಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಲ್ಲುತ್ತಿದ್ದವು. ಆಗ ಓಣಿಯ ಉಳಿದ ಕೂಸುಗಳು ಮಲಗಿದಲ್ಲಿಯೇ ಇರುತ್ತಿದ್ದರೆ, ನನ್ನ ಮಗಳು ಮಾತ್ರ ಕಣ್ಣು ಬಿಟ್ಟು ಚೀರುತ್ತಿದ್ದಳು. ದಿನಾಲೂ ತಪ್ಪದೆ. ಸಪ್ಪಳ ನಿಂತದ್ದು ಇದಕ್ಕೆ ನಿದ್ದೆಯಲ್ಲೂ ತಿಳಿಯುತ್ತದೆ, ಏನು ಕಿವಿ ಇದರದು ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡಳು. ನಾನೂ ಹೇಳಿಕೊಂಡೆ. ಉಳಿದ ಕೂಸುಗಳಿಗೆ ಮನೆಯವರ ಸಪ್ಪಳವಾದರೂ ಉಳಿಯುತ್ತಿತ್ತು, ಅವಳಿಗೆ ಇದ್ದದ್ದು ಮೈಗೆ ತಾಗುವ ನಡುಕವೊಂದೇ, ಅದು ನಿಂತು ಎಚ್ಚರವಾಗುತ್ತಿತ್ತು ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಸೂಜಿ ಹಾಕಲು ನರ್ಸಬಾಯಿ ಓಣಿಗೆ ಬರುತ್ತಿದ್ದಳು. ಕೆಟ್ಟವಳೇನಲ್ಲ, ಬಿಸಿಲಲ್ಲಿ ನಡೆದು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಮಗಳಿಗೆ ಒಂಬತ್ತು ತಿಂಗಳಾಗಿದ್ದಾಗ ಅವಳು ಕಾರ್ಡು ತೆಗೆದು, ಕೂಸು ಸಪ್ಪಳಕ್ಕೆ ತಿರುಗುತ್ತದೆಯೇ ಎಂದು ಕೇಳಿದಳು. ಹಿಂದೆ ಆರೂ ಮಗ್ಗ ಓಡುತ್ತಿದ್ದವು. ಅತ್ತೆ ಅವಳ ಕಿವಿಯ ಹತ್ತಿರ ಬಾಯಿ ಒಯ್ದು ಕೂಗಿ ಹೇಳಿದಳು.

"ಕಿವಿ ಅಂದ್ರ ಕಿವಿರಿ ಬಾಯಾರ. ಕರೆಂಟ್ ಹೋದ್ರ ಸಾಕು, ನಿದ್ದಿಗಣ್ಣಾಗ ಚಿಟ್ಟನ ಚೀರತೈತಿ."

ನರ್ಸಬಾಯಿ ನಕ್ಕು ಟಿಕ್ಕು ಹಾಕಿಕೊಂಡಳು. ಕೇಳಿದ್ದು ಅಜ್ಜಿಯನ್ನು, ನೋಡಬೇಕಾದ್ದು ಕೂಸಿನ ಕಿವಿಯನ್ನು. ಆ ಕಾರ್ಡು ನನ್ನ ಟ್ರಂಕಿನಲ್ಲಿ ಈಗಲೂ ಇದೆ. ಹಳದಿಯಾಗಿದೆ, ಟಿಕ್ಕು ಮಾತ್ರ ಅಳಿಸಿಲ್ಲ.

ಒಂದೂವರೆ ವರ್ಷದ ಹೊತ್ತಿಗೆ ಅವಳು ಹೆಬ್ಬೆರಳು ಬಾಯಿಗಿಟ್ಟು ನೀರು ಕೇಳುತ್ತಿದ್ದಳು. ನಾನು ಬೆರಳು ಸುತ್ತಿದರೆ ಕಂಡಿಕೆ ತಂದು ಕೊಡುತ್ತಿದ್ದಳು. ಹಿಂದಿನಿಂದ ಕರೆಯಬೇಕೆಂದರೆ ನಮ್ಮಲ್ಲಿ ಎಲ್ಲರೂ ನೆಲಕ್ಕೆ ಕಾಲು ಬಡಿಯುತ್ತೇವೆ, ಅದಕ್ಕೂ ತಿರುಗುತ್ತಿದ್ದಳು. ಬಹಳ ಶಾಣ್ಯಾ ಆಗುತ್ತಾಳೆ ಎಂದರು ನೆರೆಯವರು. ಬಾಯಿಂದ ಒಂದು ಮಾತೂ ಬಂದಿರಲಿಲ್ಲ, ಆದರೆ ಮಾತೇ ಆಡದ ಮನೆಯಲ್ಲಿ ಮಾತು ಬರಲಿಲ್ಲವೆಂದು ಯಾರು ಕಂಡುಹಿಡಿಯಬೇಕು?

ನನಗೆ ಮೊದಲ ಸಂಶಯ ಬಂದದ್ದು ತವರಿನಲ್ಲಿ. ನನ್ನ ತವರು ಬೀಳಗಿ ಕಡೆಯದು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಎತ್ತರದ ಬಯಲಲ್ಲಿ ಸಾಲಾಗಿ ಪ್ಲಾಟು ಹಾಕಿಕೊಟ್ಟಿದ್ದರು. ಮರವಿಲ್ಲ, ಮಗ್ಗವಿಲ್ಲ, ಗಾಳಿಯೊಂದು ಬಿಟ್ಟರೆ ಸಪ್ಪಳವೇ ಇಲ್ಲ. ಮಗಳನ್ನು ಬಗಲಲ್ಲಿ ಎತ್ತಿಕೊಂಡು ನಾನು ರಸ್ತೆಯ ಬದಿಗೆ ನಿಂತಿದ್ದೆ. ಹಿಂದಿನಿಂದ ಕಬ್ಬಿನ ಟ್ರಾಕ್ಟರು ಬಂದು, ಹತ್ತಿರದಲ್ಲಿಯೇ ಆ ಸುಡುಗಾಡು ಹಾರ್ನು ಹೊಡೆಯಿತು. ನಾನು ಒಂದು ಮಾರು ಹಾರಿದೆ. ಕರೆಂಟಿನ ತಂತಿಯ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಮಗಳು ನನ್ನ ಸೆರಗಿನ ಒಂದು ದಾರ ಹಿಡಿದು ಎಳೆಯುತ್ತಿದ್ದಳು, ಎಳೆಯುತ್ತಲೇ ಇದ್ದಳು. ನಾನು ಹಾರಿದ್ದೇಕೆ ಎಂಬಂತೆ ನನ್ನ ಮುಖ ನೋಡಿದಳು.

ಅವತ್ತು ಅವಳನ್ನು ಅಂಗಳದಲ್ಲಿ ಕೌದಿಯ ಮೇಲೆ ಕೂಡಿಸಿ ಹಿಂದೆ ನಿಂತು ಕರೆದೆ. ಹೆಸರು ಹಿಡಿದು, ಮೆಲ್ಲಗೆ, ಜೋರಾಗಿ, ಕೊನೆಗೆ ಅಳುತ್ತ ಕರೆದೆ. ಅವಳು ಇರುವೆ ನೋಡುತ್ತ ಕುಳಿತಿದ್ದಳು. ಹಳೆಯ ಊರನ್ನು ಮುಳುಗಿಸುವ ಮೊದಲು ಸರ್ಕಾರದವರು ಬಂದು ನನ್ನಪ್ಪನ ಮನೆಯ ಗೋಡೆಗೋಡೆಯನ್ನೂ ಅಳೆದಿದ್ದರು, ಹಿತ್ತಲಿನ ಬೇವಿನ ಮರಕ್ಕೂ ಸುಣ್ಣದಲ್ಲಿ ನಂಬರು ಬರೆದಿದ್ದರು. ಒಂದು ಕೂಸಿನ ಹಿಂದೆ ನಿಂತು ಅದನ್ನು ಕರೆದು ನೋಡಲು ಮಾತ್ರ ಅವರಲ್ಲಿ ಒಬ್ಬರೂ ಇರಲಿಲ್ಲ.

ಮೊದಲು ಹೋದದ್ದು ಸಣ್ಣ ದವಾಖಾನೆಗೆ. ಯಾವ ಊರಿನದು ಎಂದು ಹೇಳುವುದಿಲ್ಲ. ಹೇಳಿದರೆ ಆ ಊರೊಂದರದೇ ತಪ್ಪು ಎಂದಾದೀತು. ಡಾಕ್ಟರು ಮಗಳ ತಲೆಯ ಹಿಂದೆ ಒಂದು ಗೇಣಿನಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಗಾಳಿಗೆ ಅವಳ ಕೂದಲು ಹಾರಿತು, ತಿರುಗಿ ನೋಡಿದಳು.

"ಕೇಳತೈತಲ್ಲವಾ. ಕೆಲವು ಮಕ್ಕಳು ತಡಾ ಮಾಡಿ ಮಾತಾಡತಾವ. ಮೂರು ವರ್ಷದ ಮಟಾ ನೋಡ್ರಿ."

ನನಗೆ ಆ ಗಾಳಿ ಕಂಡಿತ್ತು. ಕೂದಲು ಹಾರಿದ್ದನ್ನು ಈ ಕಣ್ಣಿಂದಲೇ ನೋಡಿದ್ದೆ. ಆದರೂ ಹೂಂ ಎಂದೆ. ಹೊರಗೆ ಬಂದು ಬಸ್ಸು ಹತ್ತಿದೆ, ಮನೆಯಲ್ಲಿ ಎಲ್ಲ ಸರಿಯಿದೆಯಂತೆ ಎಂದು ಹೇಳಿದೆ. ಎಲ್ಲ ಸರಿಯಿದೆ ಎಂದು ಓದಿದವರೊಬ್ಬರು ಹೇಳಿದರೆ ಅದನ್ನು ನಂಬುವುದು ಎಷ್ಟು ಸುಖ! ಆ ಸುಖಕ್ಕೆ ನಾನು ಅವಳ ಒಂದು ವರ್ಷಕ್ಕಿಂತ ಹೆಚ್ಚು ಕಾಲವನ್ನು ಕಳೆದೆ. ಇದನ್ನು ನಾನು ನನಗೆ ಮಾಫ್ ಮಾಡಿಕೊಂಡಿಲ್ಲ.

ಮೂರು ತುಂಬಿದರೂ ಮಾತು ಬರಲಿಲ್ಲ. ಆಮೇಲೆ ದೊಡ್ಡ ದವಾಖಾನೆ. ಕಿವಿ ಡಾಕ್ಟರು ವಾರಕ್ಕೆ ಒಂದು ದಿನ ಬರುತ್ತಾರೆ ಎಂದರು. ಆ ದಿನ ಹೋದರೆ ಮೀಟಿಂಗು, ಮುಂದಿನ ವಾರ ಹೋದರೆ ರಜೆ. ಮೂರನೆಯ ಸಲ ಸಿಕ್ಕರು. ಬ್ಯಾಟರಿ ಹಾಕಿ ಕಿವಿಯೊಳಗೆ ನೋಡಿ ಗುಗ್ಗೆ ಇದೆ ಎಂದು ಹನಿ ಬರೆದರು. ಬರೆಯುತ್ತಲೇ, ಸಂಬಂಧದಲ್ಲಿ ಮದುವೆಯೇ ಎಂದು ಕೇಳಿದರು. ಹೌದು ಎಂದೆ. ಅಲ್ಲಿಂದ ಅವರಿಗೆ ಹುರುಪು ಬಂದಿತು. ನಿಮ್ಮ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ, ಹೊರಗೆ ಹೆಣ್ಣು ಸಿಗುವುದಿಲ್ಲವೇ ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಬೈದರು. ಬೈಯಲಿ. ಆ ಮಾತಿನಲ್ಲಿ ಸ್ವಲ್ಪ ಖರೆಯೂ ಇದ್ದೀತು. ಆದರೆ ಸಂಬಂಧದ ಮದುವೆಯಿಂದ ಕಿವಿ ಹೋಗುತ್ತದೆ ಎಂದು ಅಷ್ಟು ಚೆನ್ನಾಗಿ ಗೊತ್ತಿದ್ದವರು, ಊರ ತುಂಬ ಸಂಬಂಧದ ಮದುವೆಗಳೇ ಇರುವಾಗ ಹುಟ್ಟಿದ ಕೂಸಿನ ಕಿವಿಯನ್ನು ಮೊದಲು ನೋಡಬೇಡವೇ? ನನ್ನ ಮದುವೆಯ ವಿಚಾರಣೆ ನಡೆಯಿತು, ಮಗಳ ಕಿವಿಯ ವಿಚಾರಣೆ ಹನಿಯಲ್ಲಿ ಮುಗಿಯಿತು.

ಹನಿ ಹಾಕಿ ಮತ್ತೆ ಹೋದೆ. ಕಿವಿ ಪರೀಕ್ಷೆಯ ಯಂತ್ರ ಇದೆ, ನಡೆಸುವವರಿಲ್ಲ ಎಂದರು. ಅದಕ್ಕೆಂದೇ ಸಪ್ಪಳ ಬಾರದ ಒಂದು ಕೋಣೆಯನ್ನೂ ಕಟ್ಟಿದ್ದರಂತೆ. ಜವಾನ ಬಾಗಿಲು ತೆರೆದು ತೋರಿಸಿದ. ಗೋಡೆಗೆಲ್ಲ ಮೆತ್ತಗಿನ ಹಲಗೆ, ಒಳಗೆ ಹಳೆಯ ರಜಿಸ್ಟರುಗಳು, ಮುರಿದ ಮಂಚ, ಸೊಳ್ಳೆ ಔಷಧಿಯ ಡಬ್ಬಿಗಳು. ಯಂತ್ರ ಪ್ಲಾಸ್ಟಿಕ್ ಹೊದ್ದು ಮೂಲೆಯಲ್ಲಿತ್ತು. ಮಗ್ಗದ ಸಪ್ಪಳದಲ್ಲಿ ಮಗಳ ಕಿವುಡು ನಮಗೆ ಕಾಣಲಿಲ್ಲ, ನಾವು ಹೆಚ್ಚು ಓದದ ಜನ ಎಂದು ಬಿಡೋಣ. ಇಷ್ಟು ಶಾಂತವಾದ ಕೋಣೆ ಇಟ್ಟುಕೊಂಡವರಿಗೆ ಏನಾಗಿತ್ತು?

ಕೊನೆಗೆ ನಮ್ಮ ಮನೆಯವರು ಕೃಷ್ಣೆಯ ಆಚೆಯ ಮರಾಠಿ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಕನ್ನಡ ಬಲ್ಲ ಒಬ್ಬ ತರುಣಿ ಮಗಳನ್ನು ಮಲಗಿಸಿ, ತಲೆಗೆ ತಂತಿ ಹಚ್ಚಿ, ಬಹಳ ಹೊತ್ತು ಒಂದು ಪರದೆ ನೋಡುತ್ತ ಕುಳಿತಳು. ಎರಡೂ ಕಿವಿ ಕೇಳುವುದಿಲ್ಲ, ಹುಟ್ಟಿನಿಂದಲೇ ಕೇಳುವುದಿಲ್ಲ ಎಂದಳು. ಕೂಸು ಕೇಳುತ್ತ ಕೇಳುತ್ತ ಮಾತು ಕಲಿಯುವ ಕಾಲ ಮೊದಲ ಎರಡು ಮೂರು ವರ್ಷ, ಆರು ತಿಂಗಳಲ್ಲಿ ಬಂದಿದ್ದರೆ ಯಂತ್ರ ಹಾಕಿ ಮಾತು ಕಲಿಸಬಹುದಿತ್ತು, ಈಗ ಬಹಳ ಕಷ್ಟ ಎಂದು ಬಿಡಿಸಿ ಹೇಳಿದಳು. ಇದನ್ನು ಮೊದಲ ಸಲ ಒಬ್ಬರು ನಮಗೆ ಹೇಳಿದ್ದು. ಆಮೇಲೆ ಸಿಟ್ಟಿಲ್ಲದೆ ಕೇಳಿದಳು.

"ಇಷ್ಟು ದಿವಸ ಯಾಕ ತಂದಿಲ್ರಿ?"

ನಾನು ಕರೆಂಟು ಹೋದಾಗ ಎಚ್ಚರಾಗುವುದನ್ನು ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ತೊಟ್ಟಿಲು ಎಲ್ಲಿ ಕಟ್ಟಿದ್ದಿರಿ ಎಂದು ಕೇಳಿದಳು. ಹೇಳಿದೆ. ಅವಳು ಮೇಜಿನ ಮೇಲೆ ಮಗಳ ಅಂಗೈ ಇಡಿಸಿ, ಮೇಜಿನ ಕೆಳಗೆ ಒಂದು ಸಲ ಬಡಿದಳು. ಮಗಳು ಚಕ್ಕನೆ ತಲೆ ಎತ್ತಿದಳು. ಕೈ ತೆಗೆಸಿ ಬಡಿದಳು. ಏನೂ ಇಲ್ಲ. ನಾಲ್ಕು ವರ್ಷ ನಮ್ಮೂರಲ್ಲಿ ಯಾರಿಗೂ ತಿಳಿಯದ್ದು ಒಂದು ಮೇಜು ಮತ್ತು ಒಂದು ಕೈಯಿಂದ ತಿಳಿದಿತ್ತು. ಇದಕ್ಕೆ ಯಂತ್ರವೂ ಬೇಕಿರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅಳಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಅದಾದ ಮೇಲೆ ಸರ್ಕಾರ ಬಹಳ ಚುರುಕಾಯಿತು. ಕೇಳುವುದಿಲ್ಲ ಎಂದು ಹೇಳಲು ಅಷ್ಟು ವರ್ಷ ತೆಗೆದುಕೊಂಡವರು, ಎಂದೆಂದಿಗೂ ಕೇಳುವುದಿಲ್ಲ ಎಂಬ ಅಂಗವಿಕಲರ ಕಾರ್ಡನ್ನು ಒಂದೇ ದಿನದಲ್ಲಿ ಕೊಟ್ಟರು. ಒಂದು ಶಿಬಿರವೂ ಆಯಿತು. ಪೆಂಡಾಲು, ಹಾರ, ಮೈಕು. ಕಿವಿ ಕೇಳದ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ಕೂಡಿಸಿ ಅವರಿಗೆ ಎರಡು ತಾಸು ಭಾಷಣ ಮಾಡಿದರು. ನಾನು ನಕ್ಕುಬಿಟ್ಟೆ, ಪಕ್ಕದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಎಲ್ಲ ಮಕ್ಕಳಿಗೂ ಒಂದೇ ತರಹದ ಡಬ್ಬಿ ಕೊಟ್ಟರು, ಅಂಗಿಯ ಕಿಸೆಯಲ್ಲಿ ಇಡುವಂಥದು, ಅದರಿಂದ ಒಂದು ವೈರು ಕಿವಿಗೆ. ಕಿವಿಯ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ಮಗಳ ಕಿವಿಯಲ್ಲಿ ಆ ಗುಂಡಿ ನಿಲ್ಲದೆ ಬೀಳುತ್ತಿತ್ತು. ಫೋಟೋ ತೆಗೆಯುವಾಗ ಬೀಳದಂತೆ ಹಿಡಿದುಕೊಳ್ಳಮ್ಮ ಎಂದು ನನಗೆ ಹೇಳಿದರು. ನಾನು ಹಿಡಿದುಕೊಂಡೆ.

ಮನೆಗೆ ತಂದು ಹಾಕಿದರೆ ಮಗಳು ಹೌಹಾರಿ ಕಿತ್ತೆಸೆದಳು. ಆರು ಮಗ್ಗದ ಬಡಿತವನ್ನು ಆ ಡಬ್ಬಿ ನಡುಕ ಮಾಡಿ ಅವಳ ತಲೆಯೊಳಗೆ ಸುರಿಯುತ್ತಿತ್ತು. ಎಲ್ಲಿ ಹಾಕಬೇಕು, ಎಷ್ಟು ಹೊತ್ತು ಹಾಕಬೇಕು, ಹಾಕಿಕೊಂಡು ಹೇಗೆ ಮಾತು ಕಲಿಸಬೇಕು, ಒಬ್ಬರೂ ಹೇಳಲಿಲ್ಲ. ಕಲಿಸುವವರೂ ನಮ್ಮ ಸುತ್ತ ಎಲ್ಲೂ ಇರಲಿಲ್ಲ. ಆರನೆಯ ವರ್ಷಕ್ಕೆ ಅವಳನ್ನು ಪರವೂರಿನ ಕಿವುಡ ಮಕ್ಕಳ ಸಾಲೆಯಲ್ಲಿ ಬಿಟ್ಟು ಬಂದೆವು. ಓದು ಬರಹ ಕಲಿತಳು. ಅಕ್ಷರ ನನ್ನದಕ್ಕಿಂತ ದುಂಡಗಿದೆ. ಬಾಯಿಂದ ಮಾತು ಬರಲಿಲ್ಲ. ಮುಂದೆ ತಲೆಯೊಳಗೆ ಯಂತ್ರ ಕೂಡಿಸುವ ಆಪರೇಷನ್ನನ್ನು ಬಡವರ ಮಕ್ಕಳಿಗೆ ಸರ್ಕಾರವೇ ಮಾಡಿಸುತ್ತದೆ ಎಂಬ ಸುದ್ದಿ ಬಂದಾಗ ಕಾಗದ ಹಿಡಿದು ಓಡಿದೆ. ಟೇಬಲ್ಲಿನ ಆಚೆ ಕುಳಿತವನು ಹುಟ್ಟಿದ ದಿನ ನೋಡಿ, ವಯಸ್ಸು ಮೀರಿದೆ, ಮೊದಲೇ ಬರಬೇಕಿತ್ತು ಎಂದ. ಮೊದಲೇ ಬಂದಿದ್ದೆ ಎಂದು ಅವನ ಮೇಜಿನ ಮೇಲೆ ನರ್ಸಬಾಯಿಯ ಟಿಕ್ಕಿದ್ದ ಹಳದಿ ಕಾರ್ಡು ಬಡಿದೆ. ಅವನು ಅದನ್ನು ನೋಡಲೇ ಇಲ್ಲ.

ಮಗಳಿಗೆ ಒಂಬತ್ತಾಗಿದ್ದಾಗ ನನ್ನ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಹಡೆದಳು. ಅವಳೂ ನಮ್ಮ ಬಳಗದವಳೇ. ಹೆಣ್ಣು ಕೂಸು. ಮೂರು ತಿಂಗಳಿಗೆ ಅವಳು ಬಾಣಂತನ ಮುಗಿಸಿ ಬಂದಾಗ ತೊಟ್ಟಿಲನ್ನು ತೊಲೆಗೆ ಕಟ್ಟಬೇಡಿ ಎಂದೆ. ಕೂಸನ್ನು ಪರೀಕ್ಷೆ ಮಾಡಬೇಕು ಎಂದೆ. ನೆಗೆಣ್ಣಿಗೆ ಬೇಸರವಾಯಿತು, ನನ್ನ ಮಗಳ ಹಣೆಬರಹವನ್ನು ತನ್ನ ಕೂಸಿಗೆ ಹಚ್ಚುತ್ತೇನೆ ಎಂದು ಮುಖ ತಿರುಗಿಸಿದಳು. ನಾನು ಜಗಳಕ್ಕೆ ತಯಾರಾಗಿದ್ದೆ. ಅದಕ್ಕೂ ಮೊದಲು ಅತ್ತೆ ಎದ್ದು ಮಗ್ಗದ ಕೋಣೆಯ ಬಾಗಿಲಿಗೆ ಹೋದಳು. ಹಬ್ಬಕ್ಕಾಗಲಿ, ಸಾವಿಗಾಗಲಿ ಹೊತ್ತಿಗೆ ಮುಂಚೆ ಮಗ್ಗ ನಿಲ್ಲಿಸಿದವಳಲ್ಲ.

"ನಿಂದರಸ್ರಿ. ಎಲ್ಲಾ ಲೂಮ್ ನಿಂದರಸ್ರಿ."

ಅವಳೇ ಮೇನ್ ಸ್ವಿಚ್ಚು ಕೆಳಗೆ ಎಳೆದಳು. ಕೂಸನ್ನು ನೆಲಕ್ಕೆ ತಾಗದಂತೆ, ತೊಲೆಗೆ ತಾಗದಂತೆ ಎತ್ತಿ ಎದೆಗೆ ಆನಿಸಿಕೊಂಡು ನಿಂತಳು. ನಾನು ಕೂಸಿನ ಬೆನ್ನ ಹಿಂದೆ ನಿಂತು, ಗಾಳಿ ತಾಗದಷ್ಟು ದೂರದಿಂದ ತಾಟು ಬಡಿದೆ. ನೆಗೆಣ್ಣಿ ಬೆಚ್ಚಿದಳು. ಕೂಸು ಬೆಚ್ಚದೆ, ತಿರುಗದೆ ಅತ್ತೆಯ ಭುಜದ ಮೇಲೆ ತನ್ನ ಮುಷ್ಟಿ ಚೀಪುತ್ತಿತ್ತು. ಮತ್ತೆ ಬಡಿದೆ. ಮತ್ತೆ ಬಡಿದೆ. ಅತ್ತೆ ಸಾಕು ಎಂದು ಕೈ ಮಾಡಿದಳು. ಮುದುಕಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದು ಯಾವ ಮೊಮ್ಮಗಳಿಗಾಗಿ ಎಂದು ನಾನು ಕೇಳಲಿಲ್ಲ.

ಮರುದಿನವೇ ಹೊರಟೆವು. ದೊಡ್ಡ ದವಾಖಾನೆಯಲ್ಲಿ ಆ ಹೊತ್ತಿಗೆ ಯಂತ್ರ ನಡೆಸುವ ಒಬ್ಬ ಹುಡುಗಿಯನ್ನು ತಂದಿದ್ದರು, ಡಬ್ಬಿಗಳನ್ನು ಹೊರಗೆ ಹಾಕಿ ಕೋಣೆ ಸ್ವಚ್ಛ ಮಾಡಿದ್ದರು. ಹೊರಗೆ ಚೀಟಿ ಬರೆಯುವವನು, ಇಷ್ಟು ಎಳೆಗೂಸಿಗೆ ಏನು ಪರೀಕ್ಷೆ, ದೊಡ್ಡದಾಗಲಿ ಎಂದ. ನಾನು ಬಾಗಿಲಲ್ಲಿ ಕುಳಿತುಬಿಟ್ಟೆ. ಬೈದರೂ ಏಳಲಿಲ್ಲ. ಇವತ್ತು ಈ ಕೂಸಿನ ಕಿವಿ ನೋಡದೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದೆ. ಏಳೆಂಟು ವರ್ಷ ಮೊದಲು ಹೂಂ ಎಂದು ಬಸ್ಸು ಹತ್ತಿದವಳು ಅಂದೂ ಹೀಗೆಯೇ ಕೂತಿದ್ದರೆ ಎಂಬ ವಿಚಾರ ಅಲ್ಲಿ ಕೂತಾಗಲೇ ಬಂತು.

ಅಂದೇ ಪರೀಕ್ಷೆಯಾಯಿತು, ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಎರಡೂ ಕಿವಿಗೆ ಅಳತೆ ತೆಗೆದು ಮಾಡಿದ ಯಂತ್ರ ಬಂತು. ಇದಕ್ಕೆ ಅಷ್ಟಿಷ್ಟು ಕೇಳುವ ಕಿವಿ ಉಳಿದಿತ್ತು. ಮಾತು ಕಲಿಸುವುದಕ್ಕಾಗಿ ಅತ್ತೆ ಒಂದು ಕಾಯಿದೆ ಮಾಡಿದಳು. ದಿನಾ ಮಧ್ಯಾಹ್ನ ಒಂದು ತಾಸು ಮಗ್ಗ ಬಂದ್. ಆ ತಾಸು ಪಡಸಾಲೆಯಲ್ಲಿ ಕೂಸಿನ ಜೊತೆ ಎಲ್ಲರೂ ಬಾಯಿಂದ ಮಾತಾಡಬೇಕು. ನೇಕಾರರು ಮೊದಮೊದಲು ಕೈಯಾಡಿಸಿ ಬೈಸಿಕೊಂಡರು.

ಕೂಸಿಗೆ ಎರಡು ವರ್ಷ ತುಂಬಿದ ಬೇಸಿಗೆಯಲ್ಲಿ ನನ್ನ ಮಗಳು ರಜೆಗೆ ಬಂದಿದ್ದಳು, ಹನ್ನೊಂದು ವರ್ಷದವಳು. ಆ ಮಧ್ಯಾಹ್ನದ ತಾಸಿನಲ್ಲಿ ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಹಿಂದಿನಿಂದ ಕೂಸು ಕರೆಯಿತು. "ದೊಡ್ಡವ್ವಾ."

ನಾನು ತಿರುಗಿದೆ. ಮಗಳು ಕೂಸಿನ ಪಕ್ಕದಲ್ಲಿ ಕುಳಿತಿದ್ದಳು. ಕೂಸಿನ ತುಟಿ ಅಲುಗಿದ್ದನ್ನೂ ನಾನು ತಿರುಗಿದ್ದನ್ನೂ ನೋಡಿದ್ದಳು. ಯಾರೂ ಕಾಲು ಬಡಿದಿರಲಿಲ್ಲ. ಅವಳು ಕೂಸಿನ ಕಿವಿಯ ಯಂತ್ರವನ್ನು ಬೆರಳಿಂದ ಮುಟ್ಟಿದಳು, ಆಮೇಲೆ ತನ್ನ ಬರಿಯ ಕಿವಿಯನ್ನು ಮುಟ್ಟಿದಳು. ನನ್ನ ಮುಖವನ್ನೇ ನೋಡುತ್ತ ಎರಡು ತೋರುಬೆರಳ ತುದಿ ಕೂಡಿಸಿ ಥಟ್ಟನೆ ಅಗಲಿಸಿದಳು. ಕಣ್ಣಿಗೆ ಬೆರಳಿಟ್ಟಳು. ಅಂಗೈಯನ್ನು ಮೇಲೆ ತಿರುವಿ ಹಿಡಿದಳು.

ನಾನು ನನ್ನ ಎದೆಯ ಮೇಲೆ ಬೆರಳಿಟ್ಟೆ. ಅವಳ ಅಂಗೈ ಹಾಗೆಯೇ ಇತ್ತು. ನಾನು ಒಬ್ಬೊಬ್ಬರನ್ನೂ ಕೈಸನ್ನೆಯಲ್ಲಿ ತೋರಿಸುತ್ತ ಬೆರಳು ಮಡಚತೊಡಗಿದೆ. ಅಜ್ಜಿ, ಸೂಜಿ ಹಾಕುವವಳು, ಚಪ್ಪಾಳೆ ತಟ್ಟಿದವರು, ಹನಿ ಬರೆದವರು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈ ಶುರುವಾಯಿತು. ಗೋಡೆಗೆ ಒರಗಿದ್ದ ಅತ್ತೆ ತಲೆ ತಗ್ಗಿಸಿದಳು. ಮಗಳು ಕೊನೆಯವರೆಗೂ ನೋಡಿದಳು, ಒಂದೂ ಬಿಡದೆ ನೋಡಿದಳು.

ಅಷ್ಟರಲ್ಲಿ ಕೂಸು ಆಡುತ್ತ ಆಡುತ್ತ ಒಂದು ಕಿವಿಯ ಯಂತ್ರವನ್ನು ಕಿತ್ತು ನೆಲಕ್ಕೆ ಹಾಕಿತ್ತು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಮಗಳು ಅದನ್ನು ಎತ್ತಿ, ಲಂಗದ ಅಂಚಿನಿಂದ ಒರೆಸಿ, ಕೂಸಿನ ಕಿವಿಯಲ್ಲಿ ಸರಿಯಾಗಿ ಕೂಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕಣ್ಣ ಕೆಳಗೆ ಬೆರಳಿಟ್ಟು, ಆ ಬೆರಳನ್ನು ಕೂಸಿನ ಕಡೆ ತಿರುಗಿಸಿದಳು.